ಕಾಗದದ ಕುದುರೆಗಳು

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಚಹಾದಂಗಡಿಯಲ್ಲಿ ಈಗ ಅಮೆರಿಕದ ಪಿಕಪ್‌ಗಳದ್ದೇ ಸುದ್ದಿ. "ಅಣ್ಣಾ, ಫೋರ್ಡ್ ಎಫ್-150 ಹೈಬ್ರಿಡ್ ಅಂತೆ, 430 ಎಚ್‌ಪಿ! ಬರೀ ಪೆಟ್ರೋಲಿಂದು 400," ಎಂದು ಹುಡುಗ ಮೊಬೈಲ್ ಚಾಚಿದ. ಬೊಲೆರೊ ಪಿಕಪ್ಪಿನ ಚಾಲಕ ಮಿರ್ಚಿ ಕಚ್ಚುತ್ತಲೇ ಕೇಳಿದ: "ಅದ್ರಾಗ ಎಷ್ಟು ಚೀಲ ಹಾಕ್ತಾರಲೇ?"

ಕೇಳಬಾರದ ಪ್ರಶ್ನೆ. ಆ ಹೈಬ್ರಿಡ್ ಬೆನ್ನ ಮೇಲೆ ಹೊರುವುದು ಒಂದು ಟನ್ನಿಗೂ ಕಡಿಮೆ. ಸಾಮಾನಿನ ಪಾಲಿನ ತೂಕವನ್ನು ಬ್ಯಾಟರಿಯೂ ತಿಂದಿದೆ. ಸುಮಾರು 75 ಎಚ್‌ಪಿಯ ನಮ್ಮ ಬೊಲೆರೊ 1.7 ಟನ್ ಹೊರುವ ಮಾದರಿಯಲ್ಲೂ ಸಿಗುತ್ತದೆ. ಅದು ಕಂಪನಿಯ ಲೆಕ್ಕ. ಹಿಂದಿನ ಸ್ಪ್ರಿಂಗ್ ಪಟ್ಟಿಗೆ ಇನ್ನೊಂದು ಪ್ಲೇಟ್ ಸೇರಿಸಿದರೆ ಮೆಕ್ಕೆಜೋಳದ ಚೀಲಗಳು ಕ್ಯಾಬಿನ್ನಿನ ತಲೆ ದಾಟುತ್ತವೆ. ಹುಣ್ಣಿಮೆ ಬಂತೆಂದರೆ ಅದೇ ಗಾಡಿಯಲ್ಲಿ ಇಡೀ ಓಣಿ ಉಚ್ಚಂಗಿದುರ್ಗಕ್ಕೆ. ಏರಿನಲ್ಲಿ ನಿಂತರೆ ಎಲ್ಲರೂ ಇಳಿದು ತಳ್ಳುತ್ತಾರೆ. ಡೀಸೆಲ್ಲಿಗೆ ಜನ ಕೈಜೋಡಿಸುವ ಈ ಹೈಬ್ರಿಡ್‌ಗೆ ಚಾರ್ಜಿಂಗ್ ಬೇಡ, ಮಂಡಕ್ಕಿ ಸಾಕು.

ಹಾಗಂತ ಹೈಬ್ರಿಡ್ ಬರೀ ಬುರುಡೆಯಲ್ಲ. ಡೀಸೆಲ್ ಗಾಡಿಯಲ್ಲಿ ಟರ್ಬೊ ಎಚ್ಚರಾಗುವವರೆಗೆ ಕಾಯಬೇಕು. ವಿದ್ಯುತ್ ಮೋಟರು ನಿಂತಲ್ಲಿಂದಲೇ ಜೋರಾಗಿ ಎಳೆಯುತ್ತದೆ. ಕೆಸರು ಹೊಲದಿಂದ ಲೋಡು ಹೊರಡಿಸುವವನಿಗೆ ಬೇಕಾದದ್ದು ಈ ಎಳೆತವೇ. ಆದರೆ ಎಫ್-150ರ ಬ್ಯಾಟರಿಗೆ ಹಿಡಿಯುವುದು ಒಂದೂವರೆ ಯೂನಿಟ್. ಅಷ್ಟರಲ್ಲಿ ಹತ್ತು ಎಚ್‌ಪಿಯ ಪಂಪ್‌ಸೆಟ್ ಕಾಲು ಗಂಟೆಯೂ ಓಡದು. ಉದ್ದನೆಯ ಏರಿನಲ್ಲಿ ಅದು ಬರಿದಾದರೆ, ಎಂಜಿನ್ನು ಲೋಡಿನ ಜೊತೆ ಬ್ಯಾಟರಿಯನ್ನೂ ಹೊತ್ತು ಹತ್ತಬೇಕು.

ಎಚ್‌ಪಿ ಕೂಡಿಸುವ ಲೆಕ್ಕವಂತೂ ಇನ್ನೂ ಸೊಗಸು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿ ಎಂಜಿನ್ 152, ಮೋಟರು 113. ಒಟ್ಟು 265 ಅಲ್ಲ, 186. ಎರಡೂ ಒಂದೇ ಹೊತ್ತಿಗೆ ತುದಿ ಮುಟ್ಟುವುದಿಲ್ಲ. ಮೋಟರಿನ ಬಲ ಬ್ಯಾಟರಿ ಕೊಟ್ಟಷ್ಟೇ. 2018ರ ಸಮ್ಮಿಶ್ರ ಸರ್ಕಾರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಚ್‌ಪಿ ಹಿಗ್ಗಿಸುವ ವಿದ್ಯೆ ಕಂಪನಿಗಳದಾದರೆ ಕುಗ್ಗಿಸುವ ವಿದ್ಯೆ ನಮ್ಮದು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಹಾಗಾಗಿ ಕೊಳವೆಬಾವಿ ಪಾತಾಳ ಮುಟ್ಟಿದರೂ ಕಾಗದದ ಮೇಲಿನ ಮೋಟರು ಹತ್ತನ್ನು ದಾಟದು. ಪಿಕಪ್ಪಿನ ಕುದುರೆಗಳನ್ನು ಎಣಿಸಿ ಹೇಳುವ ಬಾಯಿ, ಹೊಲದ ಕುದುರೆಗಳನ್ನು ಮುಚ್ಚಿಡುತ್ತದೆ.

ಇಷ್ಟಕ್ಕೂ 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದ್ದು ಎಳೆಯುವವರ ಬಲ ಸಾಲದೆ ಅಲ್ಲ, ಅಚ್ಚು ಮುರಿದು. ಪಿಕಪ್ ಇಟ್ಟುಕೊಂಡವರ ಅಚ್ಚು ಮುರಿಯುವುದೂ ಎಚ್‌ಪಿ ಕಡಿಮೆಯಾಗಿ ಅಲ್ಲ. ಮೆಕ್ಕೆಜೋಳದ ರೇಟು ಬಿದ್ದ ವರ್ಷ ಅದನ್ನು ಮೇಲೆಳೆಯುವ ಎಂಜಿನ್ನು ಯಾವ ಶೋರೂಮಿನಲ್ಲೂ ಸಿಗದು. ಸಾಲದ ಕಂತು ಮಾತ್ರ ಎಂಥ ಏರನ್ನೂ ಟಾಪ್ ಗೇರಿನಲ್ಲೇ ಹತ್ತಿ, ತಾರೀಖು ತಪ್ಪದೆ ಬಾಗಿಲಿಗೆ ಬಂದು ನಿಲ್ಲುತ್ತದೆ.