ತಾಲ್ಲೂಕು ಮ್ಯಾರಥಾನಿ

42.195 ಕಿಲೋಮೀಟರ್ ಓಡಿ ಮುಗಿಸಿದವನು ಮ್ಯಾರಥಾನಿ. ಓಡುತ್ತೇನೆಂದು ಊರಿಗೆಲ್ಲ ಹೇಳಿ ಮುಗಿಸಿದವನು ತಾಲ್ಲೂಕು ಮ್ಯಾರಥಾನಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಈತ ಊರಿಗೊಬ್ಬರು ಇಬ್ಬರಂತೆ ಸಿಗುತ್ತಾನೆ. ವಯಸ್ಸು ನಲವತ್ತರ ಆಸುಪಾಸು. ಕಸುಬು ಬ್ಯಾಂಕು, ಮೇಷ್ಟ್ರಗಿರಿ, ಗೊಬ್ಬರದಂಗಡಿ ಅಥವಾ ಅಡಿಕೆ ಖೇಣಿ, ಅಂದರೆ ಫಸಲಿನ ಗುತ್ತಿಗೆ. ಡಾಕ್ಟರು ‘ಸ್ವಲ್ಪ ವಾಕಿಂಗ್ ಮಾಡಿ’ ಅಂದದ್ದನ್ನು ಸ್ವಲ್ಪಕ್ಕೇ ನಿಲ್ಲಿಸಿದ್ದರೆ ಈ ತಳಿ ಹುಟ್ಟುತ್ತಲೇ ಇರಲಿಲ್ಲ.

ಈತನ ಗುರಿಯ ಹೆಸರು ಸಬ್-ಫೋರ್, ಅಂದರೆ ನಾಲ್ಕು ಗಂಟೆಯೊಳಗೆ ಪೂರ್ತಿ ಮ್ಯಾರಥಾನ್. ಅದಕ್ಕೆ ಪ್ರತಿ ಕಿಲೋಮೀಟರನ್ನೂ 5 ನಿಮಿಷ 41 ಸೆಕೆಂಡಿನಲ್ಲಿ ದಾಟಬೇಕು. ಮದುವೆಯ ದಿನಾಂಕ ಮರೆತರೂ ಈ ಅಂಕಿ ಈತನಿಗೆ ಮರೆಯುವುದಿಲ್ಲ. 2019ರಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ ಇದೇ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ್ದು, 1978ರಲ್ಲಿ ಜಲಂಧರಿನಲ್ಲಿ ನಮ್ಮ ಶಿವನಾಥ್ ಸಿಂಗ್ 2 ಗಂಟೆ 12 ನಿಮಿಷದಲ್ಲಿ ಓಡಿದ್ದು ಈತನ ನಾಲಿಗೆಯ ತುದಿಯಲ್ಲಿವೆ. ತನಗೂ ಅವರಿಗೂ ನಡುವೆ ಇರುವುದು ಒಂದು ಜೊತೆ ಶೂ ಮಾತ್ರ ಎಂಬ ಧಾಟಿಯಲ್ಲಿ ಹೇಳುತ್ತಾನೆ. ಆ ಶೂ ಕೊರಿಯರ್‌ನಲ್ಲಿ ಬರುತ್ತದೆ. ಶಿವನಾಥ್ ಸಿಂಗ್ ಬರಿಗಾಲಲ್ಲಿ ಓಡುವುದಕ್ಕೇ ಹೆಸರಾದವರು ಎಂಬ ಸಂಗತಿಯನ್ನು ಬಿಲ್ ನೋಡಿದ ಮನೆಯವರ ಮುಂದೆ ಮಾತ್ರ ಎತ್ತುವುದಿಲ್ಲ.

ಅಭ್ಯಾಸ ಊರಿನಿಂದ ಊರಿಗೆ ಬೇರೆ. ಚನ್ನಗಿರಿಯವನಿಗೆ ಕೋಟೆಯ ಗುಡ್ಡ ಇದೆ. ಏರು ಓಟಕ್ಕೆ ಹೇಳಿ ಮಾಡಿಸಿದ ಜಾಗ. ಮೇಲಿನ ರಂಗನಾಥಸ್ವಾಮಿಯ ದರ್ಶನಕ್ಕೆ ಹೊರಟ ಅಜ್ಜಿಯರು ಈತ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದನ್ನು ನೋಡಿ, ‘ಏನು ಹರಕೆ ಹೊತ್ತಿದ್ದೀಯಪ್ಪ?’ ಎಂದು ಮರುಕದಿಂದ ಕೇಳುತ್ತಾರೆ. ಸಬ್-ಫೋರ್ ಎಂದರೆ ಯಾವ ದೇವರು ಎಂಬ ಮುಂದಿನ ಪ್ರಶ್ನೆಗೆ ಹೆದರಿ ಈತ ‘ಹೂನಜ್ಜಿ’ ಅಂದುಬಿಡುತ್ತಾನೆ. ಅಡಿಕೆ ಕೊಯ್ಲು ಶುರುವಾದರೆ ಖೇಣಿಯವನ ತರಬೇತಿ ಪಟ್ಟಿ ಗೋಡೆಯ ಮೇಲೇ ಉಳಿಯುತ್ತದೆ.

ಹೊನ್ನಾಳಿಯವನದು ಶಿವಮೊಗ್ಗದ ರಸ್ತೆ. ಸುಮಾರು 40 ಕಿಲೋಮೀಟರ್ ದೂರದ ಆ ಊರು ಮ್ಯಾರಥಾನಿಗೆ ತುಸುವೇ ಕಡಿಮೆಯಾದ್ದರಿಂದ ಒಂದಲ್ಲ ಒಂದು ಭಾನುವಾರ ಅಲ್ಲಿಯವರೆಗೆ ಓಡಬೇಕೆಂಬುದು ಬಹುಕಾಲದ ಸಂಕಲ್ಪ. ಅಡ್ಡಿ ಬರುವುದು ಖಾಸಗಿ ಬಸ್ಸಿನ ಕಂಡಕ್ಟರು. ಓಡುತ್ತಿರುವ ಮನುಷ್ಯನೆಂದರೆ ಬಸ್ ತಪ್ಪಿಸಿಕೊಂಡವನು ಎಂಬುದು ಅವರ ಖಚಿತ ಅಭಿಪ್ರಾಯ. ಪಕ್ಕಕ್ಕೆ ನಿಲ್ಲಿಸಿ, ‘ಹತ್ರೀ ಸಾರ್, ಸೀಟ್ ಐತೆ’ ಎನ್ನುತ್ತಾರೆ. ಹದಿನೆಂಟನೇ ಕಿಲೋಮೀಟರಿನಲ್ಲಿ ಬರುವ ಈ ಕರೆಯನ್ನು ಧಿಕ್ಕರಿಸುವುದು ಕಿಪ್ಚೋಗೆಗೂ ಕಷ್ಟವಿತ್ತು. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ. ಆಗ ಇದು ಹರ್ಡಲ್ಸ್ ಆಗುತ್ತದೆ.

ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಅಲ್ಲಿಯ ಓಟಗಾರನಿಗೆ ಅದರಿಂದಾದ ಲಾಭ, ರಾತ್ರೋರಾತ್ರಿ ತಾಲ್ಲೂಕಿಗೇ ಮೊದಲಿಗನಾದದ್ದು. ಈ ಹಿರಿಮೆ ಫೆಬ್ರವರಿಯಲ್ಲಿ ಸ್ವಲ್ಪ ಕುಗ್ಗುತ್ತದೆ. ಬಂಜಾರರ ಗುರು ಸಂತ ಸೇವಾಲಾಲರ ಜಯಂತಿಗೆ ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪದ ಕಡೆಗೆ ಮಾಲಾಧಾರಿಗಳು ದೂರದೂರದಿಂದ ನಡೆದು ಬರುತ್ತಾರೆ. ದಿನಗಟ್ಟಲೆ ನಡೆದವರು ಎಷ್ಟು ಕಿಲೋಮೀಟರ್ ಆಯಿತೆಂದು ಯಾರಿಗೂ ಹೇಳುವುದಿಲ್ಲ. ಅವರ ಕೈಯಲ್ಲಿ ಜಿಪಿಎಸ್ ವಾಚೂ ಇರುವುದಿಲ್ಲ.

ಜಗಳೂರು ಬಯಲುಸೀಮೆ. ಅಲ್ಲಿ ಎಂಟು ಗಂಟೆಯ ಬಿಸಿಲಿಗೇ ಗುರಿ ಸಬ್-ಫೈವ್ ಆಗುತ್ತದೆ. ಆ ತಾಲ್ಲೂಕಿನಲ್ಲಿ ಓಟವನ್ನು ನಿಜಕ್ಕೂ ಕಲಿತಿರುವುದು ರಂಗಯ್ಯನದುರ್ಗ ಅಭಯಾರಣ್ಯದ ಕೊಂಡುಕುರಿ. ಅದು ಯಾರಾದರೂ ನೋಡಿದ ಕೂಡಲೇ ಮಾಯವಾಗುತ್ತದೆ. ಮ್ಯಾರಥಾನಿ ಯಾರಾದರೂ ನೋಡುವ ತನಕ ಹೊರಡುವುದೇ ಇಲ್ಲ.

ನಾಲ್ಕೂ ಊರಿನ ಮೈದಾನಗಳಲ್ಲಿ ಬೆಳಿಗ್ಗೆ ಐದಕ್ಕೇ ಇನ್ನೊಂದು ಗುಂಪು ಓಡುತ್ತಿರುತ್ತದೆ: ಪೊಲೀಸ್ ಪೇದೆ ಆಗಬೇಕೆಂಬ ಹುಡುಗರು. ಅವರಿಗೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕಾದ ಪರೀಕ್ಷೆ. ಅಂದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ ನಾಲ್ಕು ನಿಮಿಷದ ಲೆಕ್ಕ. ಹರಿದ ಕ್ಯಾನ್ವಾಸ್ ಶೂನಲ್ಲೇ ಅವರು ಈತನನ್ನು ಸುತ್ತಿಗೊಮ್ಮೆ ಹಿಂದೆ ಹಾಕುತ್ತಾರೆ. ‘ಸ್ಪೀಡ್ ಮುಖ್ಯ ಅಲ್ಲಪ್ಪ, ಎಂಡ್ಯೂರೆನ್ಸ್ ಮುಖ್ಯ’ ಎಂದು ಈತ ಉಪದೇಶಿಸುತ್ತಾನೆ. ‘ಹೌದು ಸಾರ್’ ಎಂದು ಅವರು ಇನ್ನೊಂದು ಸುತ್ತು ಹೊಡೆದು ಬರುತ್ತಾರೆ. ಅವರಿಗೆ ಕೆಲಸ ಬೇಕು; ಈತನಿಗೆ ಕೆಲಸವಿದೆ, ಕಾರಣ ಬೇಕು.

ಕೊನೆಗೂ ಜನವರಿ ಬಂದು ಮುಂಬೈ ಮ್ಯಾರಥಾನ್ ಬರುತ್ತದೆ. ಹಿಂದಿನ ವಾರವಿಡೀ ‘ಕಾರ್ಬ್ ಲೋಡಿಂಗ್’ ಹೆಸರಿನಲ್ಲಿ ಬೆಣ್ಣೆದೋಸೆ ನಡೆದಿರುತ್ತದೆ; ಬೆಣ್ಣೆ ಯಾವ ಕಾರ್ಬ್ ಎಂದು ಹೆಂಡತಿ ಕೇಳಿರುತ್ತಾಳೆ. ಓಟದಲ್ಲಿ ಮೂವತ್ತು ಕಿಲೋಮೀಟರಿನ ಹೊತ್ತಿಗೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಬರಿದಾಗುವುದು ಶರೀರಶಾಸ್ತ್ರ. ಸರಿಯಾಗಿ ಆಮೇಲೆ ಪೆಡ್ಡರ್ ರಸ್ತೆಯ ಏರು. ಮೊದಲ ಇಪ್ಪತ್ತನ್ನು ಕ್ಯಾಮೆರಾಗಳಿಗಾಗಿ ಓಡಿದ ಈತ ಆ ಏರಿನಿಂದ ಮುಂದಿನದನ್ನು ನಡೆಯುತ್ತಾನೆ. 4 ಗಂಟೆ 52 ನಿಮಿಷ.

ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಂದೇ ಪ್ರಶ್ನೆ: ‘ಎಷ್ಟನೇ ಬಹುಮಾನ?’ ಮುಗಿಸಿದವರಿಗೆಲ್ಲ ಮೆಡಲ್ ಕೊಡುತ್ತಾರೆಂದು ವಿವರಿಸಿದಷ್ಟೂ ಮೆಡಲಿನ ತೂಕ ಇಳಿಯುತ್ತದೆ. ಹಾಗಾಗಿ ತಾಲ್ಲೂಕು ಮ್ಯಾರಥಾನಿ ಎರಡನೇ ವರ್ಷ ಸಬ್-ಫೋರ್ ಬಿಟ್ಟು ಅಲ್ಟ್ರಾ ಮ್ಯಾರಥಾನ್ ಘೋಷಿಸುತ್ತಾನೆ. 42.195ಕ್ಕಿಂತ ಉದ್ದದ್ದೆಲ್ಲ ಅಲ್ಟ್ರಾ. ಅದರಲ್ಲಿ ನಡೆದರೂ ಯಾರೂ ಆಕ್ಷೇಪಿಸುವುದಿಲ್ಲ, ಎಷ್ಟು ಹೊತ್ತಾಯಿತೆಂದು ಊರಿನಲ್ಲಿ ಕೇಳಬಲ್ಲವರೂ ಇಲ್ಲ.