ಸಲಹೆಯ ಅಂದಾಜುಪಟ್ಟಿ

ಸರ್ಕಾರಿ ಸೇವೆಯನ್ನು ಮುಗಿಸಿ ನಿವೃತ್ತನಾದ ಮುಖ್ಯೋಪಾಧ್ಯಾಯನ ಬಳಿ, ಪಿಂಚಣಿಯ ಪುಸ್ತಕವನ್ನೂ ಬೀಳ್ಕೊಡುಗೆಯ ದಿನ ಹೊದಿಸಿದ ಶಾಲುಗಳನ್ನೂ ಬಿಟ್ಟರೆ, ಉಳಿಯುವ ಚರಾಸ್ತಿಯೆಂದರೆ ಸಲಹೆಯೊಂದೇ. ಈ ಆಸ್ತಿಯು ವಯಸ್ಸಿನೊಡನೆ ವೃದ್ಧಿಯಾಗುತ್ತ ಹೋಗುವುದಾದರೂ, ಅದನ್ನು ಸ್ವೀಕರಿಸುವವರ ಸಂಖ್ಯೆಯು ಅದೇ ಪ್ರಮಾಣದಲ್ಲಿ ಕ್ಷೀಣಿಸುತ್ತ ಬರುವುದು ಪ್ರಕೃತಿಯ ನಿಯಮವಾಗಿರಬೇಕು. ಮಕ್ಕಳು ದೂರದ ಊರುಗಳಲ್ಲಿರುತ್ತಾರೆ, ಮೊಮ್ಮಕ್ಕಳು ಕಿವಿಯೊಳಗೆ ಯಂತ್ರವನ್ನು ಸಿಕ್ಕಿಸಿಕೊಂಡಿರುತ್ತಾರೆ, ಧರ್ಮಪತ್ನಿಯಾದರೋ ಆ ಸಲಹೆಗಳನ್ನೆಲ್ಲ ಮದುವೆಯಾದ ಮೊದಲ ದಶಕದಲ್ಲಿಯೇ ಕೇಳಿ ಮುಗಿಸಿದವಳು. ಹೀಗೆ ಕೊಳ್ಳುವವರಿಲ್ಲದೆ ಸಂಗ್ರಹವಾದ ಸರಕನ್ನು ಹೊತ್ತುಕೊಂಡ ನಾವು ಕೆಲವರು, ಪ್ರತಿ ಸಂಜೆ ತಾಲ್ಲೂಕು ಕೇಂದ್ರದ ಉದ್ಯಾನದ ಕಲ್ಲುಬೆಂಚಿನ ಮೇಲೆ ಒಬ್ಬರಿಗೊಬ್ಬರು ಸಲಹೆ ಕೊಟ್ಟು ಕೊಟ್ಟು ದಣಿದು, ಕಡೆಗೆ ನಮ್ಮ ಹಳೆಯ ಇಲಾಖೆಗೆ ಹೊಸದಾಗಿ ಸೇರುವ ಶಿಕ್ಷಕರಿಗೂ ಹೊಸದಾಗಿ ಬಡ್ತಿ ಹೊಂದುವ ಮುಖ್ಯೋಪಾಧ್ಯಾಯರಿಗೂ ಮಾರ್ಗದರ್ಶನ ಮಾಡುವ ಕಾರ್ಯವನ್ನು ನಮ್ಮ ಧರ್ಮದರ್ಶಿ ಮಂಡಳಿಯ ಮೂಲಕ ಕೈಗೊಳ್ಳುವುದೆಂದು ನಿರ್ಣಯಿಸಿದೆವು. ಸಲಹೆಗೆ ಬೆಲೆಯಿಲ್ಲ, ಆದರೆ ಸಲಹೆಗಾರನನ್ನು ಹೋಬಳಿಯ ಕೊನೆಯ ಹಳ್ಳಿಗೆ ಒಯ್ಯುವ ಬಸ್ಸಿಗೆ ಟಿಕೆಟ್ಟು ಉಂಟು. ಅನುದಾನದ ಪ್ರಶ್ನೆಯು ಉದ್ಭವಿಸಿದ್ದು ಅಲ್ಲಿ.

ಕಾರ್ಯವು ನಿರರ್ಥಕವಾದುದೆಂದು ಯಾರೂ ಭಾವಿಸಬಾರದು. ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೂ ನೇಮಕಾತಿಯ ಪರೀಕ್ಷೆಯನ್ನೂ ದಾಟಿ, ಪಿಯಾಜೆಯ ವಿಕಾಸಸಿದ್ಧಾಂತವನ್ನು ಕಂಠಪಾಠ ಮಾಡಿಕೊಂಡು ಹಳ್ಳಿಗೆ ಬಂದಿಳಿಯುವ ತರುಣನಿಗೆ, ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ನಲಿಕಲಿ ಪದ್ಧತಿಯಲ್ಲಿ ಕಲಿಸುವಾಗ, ಮೂಗಿನಿಂದ ರಕ್ತ ಸುರಿಯುತ್ತಿರುವ ಮಗುವನ್ನು ಮೊದಲು ಹಿಡಿಯಬೇಕೋ ಬಾಗಿಲು ದಾಟಿ ಮನೆಯ ಕಡೆಗೆ ಓಡುತ್ತಿರುವ ಮಗುವನ್ನು ಮೊದಲು ಹಿಡಿಯಬೇಕೋ ಎಂಬುದನ್ನು ಯಾವ ಸಿದ್ಧಾಂತವೂ ಹೇಳಿಕೊಡುವುದಿಲ್ಲ. ಆ ನಲಿಕಲಿಯೇ ನಮ್ಮ ಪಕ್ಷಕ್ಕೆ ಸಾಕ್ಷಿ. 1995ರಲ್ಲಿ ಯುನಿಸೆಫ್‌ನ ನೆರವಿನೊಡನೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿದ ಈ ಪದ್ಧತಿಯು, ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ, ಅಲ್ಲಿ ಪಾಠ ಮಾಡುವವರನ್ನು ಪಕ್ಕದಲ್ಲಿ ಕುಳಿತು ನೋಡಿ ಬಂದುದರ ಫಲ. ನೋಡಿ ಕಲಿತದ್ದನ್ನು ಕಲಿಸಲು ನಾವು ಕೂಡ ಶಕ್ತರೆಂದು ನಮಗೆ ದೃಢವಾದ ನಂಬಿಕೆಯಿದ್ದಿತು.

ತರುಣ ಶಿಕ್ಷಕನಿಗಿಂತಲೂ ಕರುಣಾಜನಕನಾದವನು ನೂತನ ಮುಖ್ಯೋಪಾಧ್ಯಾಯ. ಶನಿವಾರ ಮಧ್ಯಾಹ್ನದವರೆಗೆ ಸಹಶಿಕ್ಷಕನಾಗಿದ್ದುಕೊಂಡು, ಷಟ್ಪದಿಗೆ ಪ್ರಸ್ತಾರ ಹಾಕಿಸಿ, ಗಂಟೆ ಹೊಡೆದೊಡನೆ ನಿಶ್ಚಿಂತನಾಗಿ ಮನೆಗೆ ಹೋಗುತ್ತಿದ್ದ ಮನುಷ್ಯನು, ಜ್ಯೇಷ್ಠತಾ ಪಟ್ಟಿಯ ಮಹಿಮೆಯಿಂದ ಸೋಮವಾರ ಬೆಳಗ್ಗೆ ಬೀಗದ ಕೈಗಳ ಗೊಂಚಲೊಂದಕ್ಕೂ, ನಗದು ವಹಿ, ದಾಸ್ತಾನು ವಹಿ, ದಾಖಲಾತಿ ವಹಿ, ಚಲನವಲನ ವಹಿ ಎಂಬ ಗ್ರಂಥರಾಶಿಗೂ, ವರ್ಗವಾಗಿ ಹೋದ ಹಿಂದಿನವರು ಬರೆದಿಡದೆ ಹೋದ, ಮಕ್ಕಳ ವಿವರ ತುಂಬುವ ಸ್ಯಾಟ್ಸ್‌ನ ಪಾಸ್‌ವರ್ಡಿಗೂ ಏಕಕಾಲದಲ್ಲಿ ವಾರಸುದಾರನಾಗುತ್ತಾನೆ. ಬಿಸಿಯೂಟದ ಲೆಕ್ಕದಲ್ಲಿ ಐದನೆಯ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರೆಗಿನ ಮಗುವಿಗೆ 150 ಗ್ರಾಂ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ ಮಗುವೊಂದಕ್ಕೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿಲೀಟರು ಹಾಲು. ಹಾಜರಿಯೊಡನೆ ಇವನ್ನು ಗುಣಿಸಿ, ಮೂಟೆಯಲ್ಲಿ ಉಳಿದುದನ್ನು ಕಳೆದು, ಎರಡೂ ತಾಳೆಯಾಗದಿದ್ದಾಗ ಇಲಿಯ ಪಾಲನ್ನು ಯಾವ ಕಂಬಸಾಲಿನಲ್ಲಿ ಬರೆಯಬೇಕೆಂದು ತಿಳಿಯದೆ ಕಣ್ಣು ಕಣ್ಣು ಬಿಡುವ ಕನ್ನಡ ಪಂಡಿತನನ್ನು ನಾನು ಕಂಡಿದ್ದೇನೆ. ಅಂಥ ಹೊತ್ತಿನಲ್ಲಿ ಎಸ್.ಡಿ.ಎಂ.ಸಿ. ಎಂಬ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಬಂದು, ಶಾಲೆಯ ಮೈದಾನದಲ್ಲಿ ತಮ್ಮ ಮಗನ ಬೀಗರೂಟಕ್ಕೆ ಶಾಮಿಯಾನ ಹಾಕಲು ಅನುಮತಿ ಕೇಳಿದರೆ ಏನು ಉತ್ತರ ಕೊಡಬೇಕೆಂಬುದು ಯಾವ ತರಬೇತಿಯ ಕೈಪಿಡಿಯಲ್ಲಿಯೂ ಇಲ್ಲ. ನಮಗೆ ಗೊತ್ತು, ಆದರೆ ಅದನ್ನು ಇಲ್ಲಿ ಬರೆಯಲಾಗದು.

ಇಂಥವರಿಗೆ ನೆರವಾಗಲು ಸರ್ಕಾರದಲ್ಲಿ ವ್ಯವಸ್ಥೆಯಿಲ್ಲವೆಂದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸಾಗಿ ಜಿಲ್ಲೆಗೊಂದು ಡಯಟ್ ಎಂಬ ಶಿಕ್ಷಕರ ತರಬೇತಿ ಸಂಸ್ಥೆ ಉಂಟು. ಶಾಲೆಗಳನ್ನು ಸುತ್ತಿ ಶೈಕ್ಷಣಿಕ ನೆರವು ನೀಡಬೇಕಾದ ಸಿ.ಆರ್.ಪಿ.ಗಳು ಉಂಟು, ಆ ಪಾಪದ ಜೀವಿಗಳಿಗೆ ಅಂಕಿಅಂಶಗಳನ್ನು ಇಂದೇ ಸಂಜೆ ನಾಲ್ಕು ಗಂಟೆಯೊಳಗೆ ಕಳುಹಿಸಬೇಕೆಂಬ ಆದೇಶದಿಂದ ಬಿಡುವು ದೊರೆತರೆ ಅವರು ನಮಗಿಂತ ಚೆನ್ನಾಗಿ ಮಾಡಿಯಾರು. 2020ರ ನೀತಿಯು ಇನ್ನೂ ಮುಂದೆ ಹೋಗಿ, ಪ್ರತಿಯೊಬ್ಬ ಶಿಕ್ಷಕನೂ ಪ್ರತಿಯೊಬ್ಬ ಮುಖ್ಯೋಪಾಧ್ಯಾಯನೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿವಿಕಾಸದಲ್ಲಿ ತೊಡಗಬೇಕೆಂದು ಅಪೇಕ್ಷಿಸಿತು. ಅಷ್ಟೇ ಅಲ್ಲ, ಹಿರಿಯರೂ ನಿವೃತ್ತರೂ ಆದ ಅಧ್ಯಾಪಕರ ದೊಡ್ಡ ಬಳಗವೊಂದನ್ನು ಕಟ್ಟಿ ಮಾರ್ಗದರ್ಶನದ ರಾಷ್ಟ್ರೀಯ ಅಭಿಯಾನವೊಂದನ್ನು ಸ್ಥಾಪಿಸಬೇಕೆಂದೂ ಹೇಳಿತು. ಈ ವಾಕ್ಯವನ್ನು ನಮ್ಮ ಸಭೆಯಲ್ಲಿ ಕಾರ್ಯದರ್ಶಿಗಳು, ಸತ್ಯನಾರಾಯಣ ಕಥೆಯ ಕೊನೆಯಲ್ಲಿ ಪುರೋಹಿತರು ಫಲಶ್ರುತಿಯನ್ನು ಓದುವಂತೆ, ಕಂಠವನ್ನೇರಿಸಿ ಓದಿದರು. ಅದೇ ವಾಕ್ಯದ ಉತ್ತರಾರ್ಧದಲ್ಲಿ ಈ ಸೌಭಾಗ್ಯವು ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆಂದು ಇರುವುದನ್ನು ಮಾತ್ರ ತಗ್ಗಿದ ಧ್ವನಿಯಲ್ಲಿ ಓದಿ, ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಅದನ್ನು ಶಾಲಾ ಶಿಕ್ಷಕರಿಗೂ ವಿಸ್ತರಿಸಿ 2022ರ ಜುಲೈ 29ರಂದು ಪ್ರಾಯೋಗಿಕವಾಗಿ ಆರಂಭಿಸಿತೆಂದು ಒಡನೆಯೇ ಸೇರಿಸಿದರು. ಹಾಗೆ ಆರಂಭವಾದುದು ಕೇಂದ್ರದ ಅಧೀನದ 30 ಶಾಲೆಗಳಲ್ಲಿ. ನಮ್ಮ ಹೋಬಳಿಯು ಆ ಪಟ್ಟಿಯಲ್ಲಿ ಇರಲಿಲ್ಲವೆಂದು ಪ್ರತ್ಯೇಕವಾಗಿ ಹೇಳಬೇಕಾದುದಿಲ್ಲ.

ಆದುದರಿಂದ ಕಂಪನಿಗಳ ಔದಾರ್ಯದ ಕಡೆಗೆ ತಿರುಗಿದೆವು. 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣದಂತೆ, ನಿಗದಿತ ಮಟ್ಟವನ್ನು ಮೀರಿದ ಸಂಪತ್ತೋ ವಹಿವಾಟೋ ಲಾಭವೋ ಉಳ್ಳ ಕಂಪನಿಗಳು, ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿಯಲ್ಲಿ ಕನಿಷ್ಠ ಶೇಕಡ 2ರಷ್ಟನ್ನು ಲೋಕಹಿತಕ್ಕೆ ವಿನಿಯೋಗಿಸಬೇಕು. ವಿನಿಯೋಗವಾಗದೆ ಉಳಿದುದು ಸರ್ಕಾರವು ಹೆಸರಿಸಿದ ನಿಧಿಗೆ ಹೋಗತಕ್ಕದ್ದು. ಧರ್ಮವನ್ನು ಶಾಸನದ ಮೂಲಕ ಮಾಡಿಸುವ ಈ ಏರ್ಪಾಡಿನಿಂದಾಗಿ, ಯುಗಾದಿಗೆ ಮೊದಲು ಮಾವು ಚಿಗುರುವ ಕಾಲದಲ್ಲಿಯೇ ಕಂಪನಿಗಳ ಹೃದಯವೂ ಚಿಗುರುತ್ತದೆಂಬ ಗುಟ್ಟನ್ನು ನಮಗೆ ತಿಳಿಸಿದವರು ಪಟ್ಟಣದ ಲೆಕ್ಕ ಪರಿಶೋಧಕರೊಬ್ಬರು. ಆದರೆ ಆ ಹೃದಯದ ಬಾಗಿಲಿಗೆ ಹೋಗುವ ಮುನ್ನ ಧರ್ಮದರ್ಶಿ ಮಂಡಳಿಗೆ ಪ್ಯಾನ್ ಬೇಕು, ಆದಾಯ ತೆರಿಗೆಯ 12ಎ ಬೇಕು, 80ಜಿ ಬೇಕು, ಸ್ವಯಂಸೇವಾ ಸಂಸ್ಥೆಗಳ ಜಾಲತಾಣವಾದ ದರ್ಪಣ್‌ನ ಸಂಖ್ಯೆ ಬೇಕು, 2021ರ ಏಪ್ರಿಲಿನಿಂದ ಸಿ.ಎಸ್.ಆರ್.-1 ಎಂಬ ನೋಂದಣಿಯೂ ಬೇಕು. ಎಲ್ಲಕ್ಕೂ ಮಿಗಿಲಾಗಿ, ಹಣ ಕೇಳುವ ಸಂಸ್ಥೆಯು ಅದೇ ಬಗೆಯ ಕಾರ್ಯದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವವುಳ್ಳದ್ದಾಗಿರಬೇಕು. ಅನುಭವವಿಲ್ಲದವರ ಕೈಹಿಡಿಯಲು ಹೊರಟ ನಮಗೆ, ನಮ್ಮ ಕೈಹಿಡಿಯಬೇಕಾದವರು ಮೊದಲು ಅನುಭವವನ್ನು ಕೇಳಿದರೆಂಬುದರಲ್ಲಿ ಏನೋ ಒಂದು ದೈವಿಕವಾದ ನ್ಯಾಯವಿದೆ. ಜೀವಮಾನವಿಡೀ ಸೀಮೆಸುಣ್ಣದ ಧೂಳು ಕುಡಿದವರು ನಾವೆಂದರೆ ಅದು ವ್ಯಕ್ತಿಗಳ ಅನುಭವ, ಸಂಸ್ಥೆಯದಲ್ಲ ಎಂಬ ಉತ್ತರ ಬಂದಿತು. ಕಡೆಗೆ, ನಮ್ಮ ಮಂಡಳಿಯು ಹಲವು ವರ್ಷಗಳಿಂದ ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಕೊಡುತ್ತಿದ್ದ ಸ್ಟೀಲ್ ಲೋಟಗಳ ಬಹುಮಾನ ವಿತರಣೆಯು, ಲೆಕ್ಕ ಪರಿಶೋಧಕರ ಪ್ರತಿಭೆಯಿಂದ, ಮಾರ್ಗದರ್ಶನಕ್ಕೆ ಸದೃಶವಾದ ಶೈಕ್ಷಣಿಕ ಚಟುವಟಿಕೆಯೆಂದು ಪುನರ್ಜನ್ಮ ತಾಳಿತು.

ಹೀಗೆ ಕಂಪನಿಯೊಂದಕ್ಕೆ ಬರೆದ ಅರ್ಜಿಯ ಹೃದಯಭಾಗದಲ್ಲಿ ಒಂದು ಚೌಕಾಕಾರದ ಕೋಷ್ಟಕವಿದ್ದಿತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅಂತಾರಾಷ್ಟ್ರೀಯ ನೆರವು ಸಂಸ್ಥೆಗಾಗಿ ಸಿದ್ಧವಾಗಿ, ಅಲ್ಲಿಂದ ಲೋಕದ ಸಕಲ ದಾತೃಗಳ ಕೈಗೂ ಸೇರಿದ ಲಾಗ್‌ಫ್ರೇಮ್ ಎಂಬ ಈ ಯಂತ್ರದಲ್ಲಿ, ಗುರಿಯೇನು, ಫಲವೇನು, ಫಲವನ್ನು ಅಳೆಯುವ ಸೂಚಕವೇನು, ಸೂಚಕಕ್ಕೆ ಆಧಾರವೇನು ಎಂದು ಕೋಣೆಕೋಣೆಯಾಗಿ ತುಂಬಬೇಕು. ಕೊನೆಯ ಕಂಬಸಾಲು, ನಮ್ಮ ಹತೋಟಿಯಲ್ಲಿಲ್ಲದೆಯೂ ಹೀಗೆಯೇ ನಡೆಯುವುದೆಂದು ನಾವು ನಂಬಿಕೊಂಡ ಸಂಗತಿಗಳಿಗೆ ಮೀಸಲು. ನಮ್ಮಲ್ಲಿನ ಗಣಿತದ ಮೇಷ್ಟರು ಆ ಕಂಬಸಾಲಿನಲ್ಲಿ, ನವಶಿಕ್ಷಕರು ಮಧ್ಯೆ ವರ್ಗವಾಗುವುದಿಲ್ಲ, ಮುಖ್ಯೋಪಾಧ್ಯಾಯರನ್ನು ಬೇರೆ ಕೆಲಸಗಳಿಗೆ ಕರೆಯುವುದಿಲ್ಲ, ಮಳೆಗಾಲದಲ್ಲಿ ಬಸ್ಸು ಬರುತ್ತದೆ ಎಂದು ಬರೆದು, ತಾವೇ ಓದಿ ನೋಡಿ, ನಗು ತಡೆಯಲಾರದೆ ಕನ್ನಡಕವನ್ನು ಒರಸಿಕೊಂಡರು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಿಕ್ಷಕರನ್ನು ಅನ್ಯ ಕಾರ್ಯಗಳಿಗೆ ಬಳಸಬಾರದೆಂದು ವಿಧಿಸಿ, ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ ಈ ಮೂರಕ್ಕೆ ಮಾತ್ರ ವಿನಾಯಿತಿಯನ್ನಿತ್ತಿದೆ. ನಮ್ಮ ಪ್ರಜಾಪ್ರಭುತ್ವವು ಚುನಾವಣೆಗಳ ವಿಷಯದಲ್ಲಿ ಜಿಪುಣವಾದುದಲ್ಲ.

ನಮ್ಮ ಅರ್ಜಿಯನ್ನು ತಿದ್ದಲು ಕಂಪನಿಯ ಪರವಾಗಿ ನಿಯುಕ್ತಳಾಗಿದ್ದವಳು ನಮ್ಮ ಮೊಮ್ಮಗಳ ಪ್ರಾಯದ, ಅತ್ಯಂತ ವಿನಯವಂತೆಯಾದ ಹುಡುಗಿ. ನಾವು ಜೀವಮಾನದಲ್ಲಿ ಬಳಸಿದ ಕೆಂಪು ಮಸಿಯ ಋಣವನ್ನೆಲ್ಲ ಆಕೆ ಬಡ್ಡಿಸಹಿತ ತೀರಿಸಿದಳು. ದೂರದ ಯಾವುದೋ ಮಾದರಿಯಿಂದ ಎತ್ತಿಕೊಂಡು, ಈ ಯೋಜನೆಯಿಂದ ಹೊಸ ಶಿಕ್ಷಕರು ವೃತ್ತಿಯನ್ನು ತೊರೆಯುವುದು ಕಡಮೆಯಾಗುತ್ತದೆ ಎಂದು ಅಧ್ಯಕ್ಷರು ಬರೆದಿದ್ದ ವಾಕ್ಯದ ಮೇಲೆ ಆಕೆಯ ಬೆರಳು ನಿಂತಿತು.

“ಸರ್, ಇದು ಸರ್ಕಾರಿ ನೌಕರಿ. ಸಿಕ್ಕಿದ ಮೇಲೆ ಯಾರು ಸರ್ ಬಿಡ್ತಾರೆ?”

“ಬಿಡುವುದಿಲ್ಲ ತಾಯಿ. ಆದರೆ ಉತ್ಸಾಹವನ್ನು ಬಿಡುತ್ತಾರೆ.”

“ಎಷ್ಟು ಪರ್ಸೆಂಟ್ ಸರ್?”

ಅಧ್ಯಕ್ಷರು ಇದಕ್ಕೆ ಉತ್ತರ ಕೊಡಲಿಲ್ಲ, ಕೊಡುವಂತೆಯೂ ಇರಲಿಲ್ಲ. ತರುಣನು ಗದರುವುದನ್ನು ಬಿಟ್ಟು ಹಿಂದಿನ ಸಾಲಿನ ಹುಡುಗಿಯ ಪಕ್ಕದಲ್ಲಿ ಹೋಗಿ ಕುಳಿತ ದಿನವನ್ನು, ಹೊಸ ಮುಖ್ಯೋಪಾಧ್ಯಾಯಿನಿಯು ಗುತ್ತಿಗೆದಾರನ ಮುಂದೆ ಮೊದಲ ಬಾರಿಗೆ ಸಹಿ ಹಾಕುವುದಿಲ್ಲವೆಂದ ದಿನವನ್ನು ನಾವು ಗುರುತಿಸಬಲ್ಲೆವು, ಶೇಕಡಾವಾರು ಮಾಡಲಾರೆವು. ಕಂಪನಿಯ ಹುಡುಗಿಗೂ ಇದು ತಿಳಿಯದ ವಿಷಯವಾಗಿರಲಿಲ್ಲವೆಂದು ನನ್ನ ಊಹೆ, ಏಕೆಂದರೆ ಆಕೆ ನಮ್ಮ ಮುಖವನ್ನು ನೋಡಿ, ತಾನೇ 40 ಎಂದು ಬರೆದುಕೊಂಡಳು.

ಆಯವ್ಯಯದ ಭಾಗದಲ್ಲಿ ‘ಚಹಾ ಮತ್ತು ಲಘು ಉಪಾಹಾರ’ವೆಂಬ ಬಾಬನ್ನು ಆಕೆ ಹೊಡೆದುಹಾಕಿದಾಗ ಮಾತ್ರ ನಾನು ಪ್ರತಿಭಟಿಸಿದೆನು. ಮಾರ್ಗದರ್ಶನವೆಂಬುದು ನಡೆಯುವುದೇ ಅಲ್ಲಿ. ತರಗತಿಯಲ್ಲಿ ನಾಲ್ಕು ಜನರೆದುರಿಗೆ ಒಪ್ಪಿಕೊಳ್ಳದ ಕಷ್ಟವನ್ನು ಹೊಸಬನು ಗೂಡಂಗಡಿಯ ಮುಂದೆ ಎರಡನೆಯ ಗುಟುಕಿಗೆ ಹೇಳಿಬಿಡುತ್ತಾನೆ. ಅದು ಆಡಳಿತ ವೆಚ್ಚವಾಗುತ್ತದೆಂದು ಆಕೆ ಹೇಳಿದಳು. ಅದರ ಸ್ಥಳದಲ್ಲಿ ‘ದಾಖಲೀಕರಣ’ವೆಂಬ, ಅದರ ಹಲವು ಪಟ್ಟು ಗಾತ್ರದ ಬಾಬು ಬಂದು ಕುಳಿತಿತು: ಪ್ರತಿಯೊಂದು ಭೇಟಿಯಲ್ಲಿಯೂ ಸಲಹೆ ಕೊಡುತ್ತಿರುವವನ ಮತ್ತು ಪಡೆಯುತ್ತಿರುವವನ ಛಾಯಾಚಿತ್ರವನ್ನು ಅಕ್ಷಾಂಶ ರೇಖಾಂಶಗಳ ಸಮೇತ ತೆಗೆದು ಕಳುಹಿಸತಕ್ಕದ್ದು. 1854ರ ವುಡ್ ಮಹಾಶಯನ ಆಜ್ಞಾಪತ್ರದಿಂದ ಈ ದೇಶದಲ್ಲಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿ ನೆಲೆಗೊಂಡಂದಿನಿಂದಲೂ ಹಣದ ಹಿಂದೆಯೇ ತನಿಖೆಯು ನಡೆದುಬಂದಿದೆ. ಆ ಕಾಲದ ಇನ್‌ಸ್ಪೆಕ್ಟರು ಸಾಹೇಬರು ಮಾತ್ರ ಖುದ್ದಾಗಿ ಬರುತ್ತಿದ್ದರು, ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದರು.

ಇಷ್ಟೆಲ್ಲ ಆಗುವಷ್ಟರಲ್ಲಿ ನಮ್ಮ ಯೋಜನೆಯ ಪ್ರಥಮ ಫಲವು ಅನುದಾನಕ್ಕೆ ಮುಂಚಿತವಾಗಿಯೇ ಲಭಿಸಿತ್ತೆಂಬುದನ್ನು ನಾವು ಗಮನಿಸಿರಲಿಲ್ಲ. ಕಂಪ್ಯೂಟರನ್ನು ಕಂಡರೆ ದೂರ ಸರಿಯುತ್ತಿದ್ದ ನಮ್ಮ ಖಜಾಂಚಿಗಳು ಕೋಷ್ಟಕದಲ್ಲಿ ತಾವೇ ಸೂತ್ರ ಹಾಕುತ್ತಿದ್ದರು. ಅಧ್ಯಕ್ಷರು ಒಂದು ಪುಟಕ್ಕೆ ಮೀರದಂತೆ ಮಾತನಾಡುವುದನ್ನು ಕಲಿತಿದ್ದರು, ಇದನ್ನು ಅವರ ಶ್ರೀಮತಿಯವರು ಈ ಶತಮಾನದ ಅದ್ಭುತವೆಂದು ಬಣ್ಣಿಸುತ್ತಾರೆ. ಕ್ರಮವಾಗಿ ಭೇಟಿಮಾಡುವುದು, ತಾಳ್ಮೆಯಿಂದ ಕೇಳುವುದು, ಅವಮಾನವಾಗದಂತೆ ತಿದ್ದುವುದು ಎಂದು ನಾವು ಅರ್ಜಿಯಲ್ಲಿ ವರ್ಣಿಸಿದ್ದ ಮಾರ್ಗದರ್ಶಕನ ಸಕಲ ಲಕ್ಷಣಗಳೂ ಆ ಹುಡುಗಿಯಲ್ಲಿದ್ದುವು. ಇದಕ್ಕೆ ತಗುಲಿದ ವೆಚ್ಚವನ್ನು ಯಾವ ಬಾಬಿನಲ್ಲಿಯೂ ತೋರಿಸಿಲ್ಲ.

ಮಾರ್ಚ್ ತಿಂಗಳ ಕೊನೆಯಲ್ಲಿ ಉತ್ತರ ಬಂದಿತು. ನಮ್ಮ ಪ್ರಸ್ತಾವವನ್ನು ಕಂಪನಿಯ ಮಂಡಳಿಯವರು ಬಹುವಾಗಿ ಮೆಚ್ಚಿಕೊಂಡರೆಂದೂ, ಆದರೆ ಈ ಸಾಲಿನಲ್ಲಿ ಕಣ್ಣಿಗೆ ಕಾಣುವ ಆಸ್ತಿಗಳಿಗೆ ಆದ್ಯತೆಯಿರುವುದರಿಂದ, ನಾವು ಹೆಸರಿಸಿದ ಶಾಲೆಗಳ ಗೋಡೆಗಳಿಗೆ ಬಣ್ಣ ಬಳಿಸಿ ಕಂಪನಿಯ ಲಾಂಛನವನ್ನು ಬರೆಸಲು ಹಣ ಮಂಜೂರಾಗಿದೆಯೆಂದೂ ಅದರಲ್ಲಿದ್ದಿತು. ಗೋಡೆಗಳಿಗೂ ಬಣ್ಣ ಬೇಕಾಗಿದ್ದುದು ನಿಜವಾದುದರಿಂದ ಒಪ್ಪಿಕೊಂಡೆವು. ಬಣ್ಣ ಬಳಿಯುವುದನ್ನು ನೋಡಿಕೊಳ್ಳುವ ನೆಪದಿಂದ ಶಾಲೆಗಳಿಗೆ ಹೋಗಿಬರುವ ಬಸ್ಸಿನ ಖರ್ಚು ‘ಕಾಮಗಾರಿ ಮೇಲ್ವಿಚಾರಣೆ’ಯ ಬಾಬಿನಲ್ಲಿ ನ್ಯಾಯವಾಗಿಯೇ ಸೇರಿತು, ಹೋದಾಗ ಹೊಸ ಮುಖ್ಯೋಪಾಧ್ಯಾಯರು ನಗದು ವಹಿಯನ್ನು ಹೊರತೆಗೆದು, “ಸರ್, ಹೇಗೂ ಬಂದಿದ್ದೀರಿ, ಇದೊಂದು ನೋಡಿಬಿಡಿ” ಎಂದರೆ ಬೇಡವೆನ್ನುವುದು ಹೇಗೆ? ಚಹಾದ ಖರ್ಚನ್ನು ಅವರೇ ಕೊಡುತ್ತಾರೆ.

ಈಗ ಕಂಪನಿಯವರು ಹಣ ಬಳಕೆ ಪ್ರಮಾಣಪತ್ರವನ್ನು ಕೇಳಿದ್ದಾರೆ; ನಮ್ಮ ಲೆಕ್ಕ ಪರಿಶೋಧಕರು ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾರೆ. ಓದುಗರಲ್ಲಿ ಆ ವೃತ್ತಿಯ ಮಹನೀಯರು ಯಾರಾದರೂ ಇದ್ದು, ಗೌರವಧನವಿಲ್ಲದೆ ಒಂದು ಸಂಜೆಯನ್ನು ನಮಗಾಗಿ ವ್ಯಯಮಾಡಲು ಒಪ್ಪುವುದಾದರೆ, ದಯಮಾಡಿ ತಿಳಿಸಬೇಕಾಗಿ ಪ್ರಾರ್ಥನೆ. ನಿವೃತ್ತ ಮುಖ್ಯೋಪಾಧ್ಯಾಯರು ಅರ್ಜಿ ಹಾಕುವುದು ಬೇಡ. ಅವರು ನಮ್ಮಲ್ಲಿ ಯಥೇಷ್ಟವಾಗಿದ್ದಾರೆ.