ದಿನಸಿ ಚೀಲದಲ್ಲೊಂದು ವೈನ್ ಬಾಟಲಿ

ಅಮೆರಿಕದ ದಿನಸಿ ಅಂಗಡಿಗಳಲ್ಲಿ ಹತ್ತು ಡಾಲರಿನೊಳಗೆ ಸಿಗುವ ವೈನ್‌ಗೆ ಕುಲಗೋತ್ರ ವಿಚಾರಿಸುವವರಿಲ್ಲ. ಹಾಲು, ಮೊಟ್ಟೆ, ಕೊತ್ತಂಬರಿ ಸೊಪ್ಪು, ಪಾತ್ರೆ ತೊಳೆಯುವ ಸಾಬೂನುಗಳ ಜೊತೆ ಒಂದೇ ತಳ್ಳುಗಾಡಿಯಲ್ಲಿ ಕೂತು ಅದು ಮನೆಗೆ ಬರುತ್ತದೆ. ಹೆಚ್ಚಾಗಿ ಅಂದೇ ರಾತ್ರಿಯ ಊಟಕ್ಕೆ ಮುಗಿದೂ ಹೋಗುತ್ತದೆ. ವೈನ್ ಕುರಿತು ದಪ್ಪ ದಪ್ಪ ಗ್ರಂಥ ಬರೆಯುವವರು ಇದಕ್ಕೆ ಅಡಿಟಿಪ್ಪಣಿಯಲ್ಲೂ ಜಾಗ ಕೊಡುವುದಿಲ್ಲ. ಆದರೆ ಗ್ರಂಥ ಓದದೆ ಕುಡಿಯುವವರ ಸಂಖ್ಯೆ ಓದಿ ಕುಡಿಯುವವರಿಗಿಂತ ಯಾವತ್ತೂ ದೊಡ್ಡದು. ಅವರ ಊಟದ ಮೇಜಿನ ಮೇಲಿರುವುದು ಇದೇ.

ಇದು ಎಲ್ಲ ಕಡೆ ಸಿಗುವುದಿಲ್ಲ. 1933ರಲ್ಲಿ ಪಾನನಿಷೇಧವನ್ನು ರದ್ದುಮಾಡಿದ ಸಂವಿಧಾನ ತಿದ್ದುಪಡಿ, ಮದ್ಯ ಮಾರಾಟದ ನಿಯಮಗಳನ್ನು ಆಯಾ ರಾಜ್ಯಗಳ ಕೈಗೆ ಬಿಟ್ಟಿತು. ರಾಜ್ಯಗಳು ತಮ್ಮ ತಮ್ಮ ಮಡಿ-ಮೈಲಿಗೆಯಂತೆ ಕಾನೂನು ಮಾಡಿಕೊಂಡವು. ಕ್ಯಾಲಿಫೋರ್ನಿಯದಲ್ಲಿ ಬದನೆಕಾಯಿಯ ಬುಟ್ಟಿಯಿಂದ ವೈನ್‌ಗೆ ನಾಲ್ಕೇ ಹೆಜ್ಜೆ. ನ್ಯೂಯಾರ್ಕ್ ರಾಜ್ಯದಲ್ಲಿ ದಿನಸಿ ಅಂಗಡಿ ಬಿಯರ್ ಮಾರಬಹುದು, ವೈನ್ ಮಾರುವಂತಿಲ್ಲ. ಟೆನೆಸಿ ರಾಜ್ಯ 2016ರ ಜುಲೈಯಲ್ಲಿ ದಿನಸಿ ಅಂಗಡಿಯ ಬಾಗಿಲನ್ನು ವೈನ್‌ಗೆ ತೆರೆಯಿತು, ಕೊಲರಾಡೊ 2023ರ ಮಾರ್ಚ್‌ನಲ್ಲಿ. ಕಬ್ಬಿಣದ ಜಾಲರಿಯ ಆಚೆಯಿಂದ ಬಾಟಲಿ ಈಸಿಕೊಂಡು, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಪರಿಚಯದವರು ಯಾರೂ ಕಾಣಲಿಲ್ಲವಷ್ಟೆ ಎಂದು ರಸ್ತೆಯ ಎರಡೂ ಬದಿ ನೋಡಿ ಹೊರಡುವ ಪದ್ಧತಿಗೆ ಒಗ್ಗಿದ ಕನ್ನಡಿಗರಿಗೆ, ಬಿಲ್ ಮಾಡುವ ಹುಡುಗಿ ಅದೇ ಬಾಟಲಿಯನ್ನು ಬಾಳೆಹಣ್ಣಿನ ಪಕ್ಕ ಹಗಲುಬೆಳಕಿನಲ್ಲಿ ನಿಲ್ಲಿಸಿ ನಗುವುದು ಮೊದಮೊದಲು ಮುಜುಗರ ತರುತ್ತದೆ. ಎರಡನೆಯ ತಿಂಗಳ ಹೊತ್ತಿಗೆ ಮುಜುಗರ ಹೋಗಿ ರಿಯಾಯಿತಿ ಕೂಪನ್ ಹುಡುಕುವ ಹಂತ ಬರುತ್ತದೆ.

ಬೆಲೆ ಇಷ್ಟು ಕೆಳಗಿಳಿಯಲು ಕಾರಣ ಮೋಸವಲ್ಲ, ಲೆಕ್ಕಾಚಾರ. ಅಗ್ಗದ ಕ್ಯಾಲಿಫೋರ್ನಿಯ ವೈನ್‌ನ ತವರು ದುಬಾರಿ ವೈನ್‌ಗೆ ಹೆಸರಾದ ನಾಪಾ ಅಲ್ಲ; ಅದರ ಆಗ್ನೇಯಕ್ಕೆ ಮೈಚಾಚಿಕೊಂಡ ಸ್ಯಾನ್ ವಾಕೀನ್ ಕಣಿವೆ. ಅಲ್ಲಿ ಬಿಸಿಲು ಧಾರಾಳ, ನೆಲ ಸಮತಟ್ಟು, ನೀರಾವರಿ ಉಂಟು. ನಾಪಾದ ತೋಟಗಾರ ಎಕರೆಗೆ ನಾಲ್ಕೈದು ಟನ್ ದ್ರಾಕ್ಷಿ ತೆಗೆದು ಉಳಿದದ್ದನ್ನು ಗುಣಮಟ್ಟದ ಹೆಸರಿನಲ್ಲಿ ತ್ಯಾಗ ಮಾಡಿದರೆ, ಇಲ್ಲಿನ ಬಳ್ಳಿಗಳು ಹತ್ತು ಟನ್ ದಾಟುತ್ತವೆ. ಕೊಯ್ಲು ಯಂತ್ರದ್ದು. ಅದು ರಾತ್ರಿಯಿಡೀ ಸಾಲುಗಳ ಮೇಲೆ ಹಾದು ಬಳ್ಳಿಗಳನ್ನು ಅಲುಗಾಡಿಸಿ ಹಣ್ಣು ಉದುರಿಸಿಕೊಳ್ಳುತ್ತದೆ.

ಇನ್ನೊಂದು ಉಳಿತಾಯ ಮರದ್ದು. ದುಬಾರಿ ವೈನ್ ಮಲಗುವ ಫ್ರೆಂಚ್ ಓಕ್ ಪೀಪಾಯಿ 225 ಲೀಟರ್ ಹಿಡಿಯುತ್ತದೆ, ಅಂದರೆ 750 ಮಿಲಿಲೀಟರಿನ 300 ಬಾಟಲಿ. ಹೊಸ ಪೀಪಾಯಿಗೆ ಸಾವಿರ ಡಾಲರಿನ ಆಸುಪಾಸು ಎಂದರೆ ಹಾಸಿಗೆಯ ಖರ್ಚೇ ಬಾಟಲಿಗೆ ಮೂರು ಡಾಲರ್ ದಾಟಿತು. ಅಗ್ಗದ ವೈನ್‌ಗೆ ಈ ಶಯನೋಪಚಾರವಿಲ್ಲ. ಅದು ಮನೆಯೆತ್ತರದ ಉಕ್ಕಿನ ತೊಟ್ಟಿಯಲ್ಲಿರುತ್ತದೆ. ಕಷಾಯಕ್ಕೆ ಬೇರು ಹಾಕುವ ಹಾಗೆ ಅದರೊಳಗೆ ಓಕ್ ಚಕ್ಕೆ ಇಳಿಬಿಡುತ್ತಾರೆ. ಬಣ್ಣ ಸಾಲದೆ ಹೋದರೆ ‘ಮೆಗಾ ಪರ್ಪಲ್’ ಎಂಬ ದ್ರಾಕ್ಷಿಯದೇ ಗಟ್ಟಿ ಪಾಕ ಸೇರುತ್ತದೆ. ಒಂದು ವರ್ಷದ ಕ್ಯಾಬರ್ನೆ ಕೆಂಪು ವೈನ್‌ಗೂ ಮರುವರ್ಷದ್ದಕ್ಕೂ ವ್ಯತ್ಯಾಸ ತಿಳಿಯದಂತೆ ಹತ್ತಾರು ತೊಟ್ಟಿಗಳ ಮಾಲನ್ನು ಬೆರೆಸುವುದು ಕೊನೆಯ ಕೆಲಸ. ದೊಡ್ಡ ವೈನ್‌ಗಳು ವರ್ಷಕ್ಕೊಂದು ಸ್ವಭಾವ ತೋರಿಸಿ ಹೊಗಳಿಸಿಕೊಳ್ಳುತ್ತವೆ. ಇದಕ್ಕೆ ಸ್ವಭಾವ ಬದಲಿಸುವ ಹಕ್ಕಿಲ್ಲ.

ಈ ಕುಲದ ಅತ್ಯಂತ ಪ್ರಸಿದ್ಧ ಸದಸ್ಯ ‘ಚಾರ್ಲ್ಸ್ ಶಾ’. ಆ ಹೆಸರಿನ ನಿಜವಾದ ಮನುಷ್ಯರೊಬ್ಬರು 1970ರ ದಶಕದಲ್ಲಿ ನಾಪಾದಲ್ಲಿ ಫ್ರಾನ್ಸಿನ ಬೋಜೊಲೆ ಮಾದರಿಯ ವೈನ್ ಮಾಡಲು ಹೊರಟವರು. ಉದ್ಯಮ ಉಳಿಯಲಿಲ್ಲ, ಹೆಸರು ಮಾತ್ರ ಫ್ರೆಡ್ ಫ್ರಾಂಜಿಯ ಅವರ ಬ್ರಾಂಕೊ ವೈನ್ ಕಂಪನಿಯ ಪಾಲಾಯಿತು. ಹೊಸ ಸಹಸ್ರಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯದಲ್ಲಿ ದ್ರಾಕ್ಷಿ ಅತಿಯಾಗಿ ಬೆಳೆದು ಧಾರಣೆ ಕುಸಿದಾಗ ಫ್ರಾಂಜಿಯ ಕಪಾಟಿನಲ್ಲಿದ್ದ ಹೆಸರನ್ನು ಹೊರತೆಗೆದರು. 2002ರಲ್ಲಿ ಟ್ರೇಡರ್ ಜೋಸ್ ಅಂಗಡಿಗಳಲ್ಲಿ ಅದು 1.99 ಡಾಲರಿಗೆ ಮಾರಾಟಕ್ಕೆ ಬಂತು. ಜನ ‘ಟೂ ಬಕ್ ಚಕ್’ (ಎರಡು ಡಾಲರಿನ ಚಾರ್ಲ್ಸ್) ಎಂದು ಅಡ್ಡಹೆಸರಿಟ್ಟು ಪೆಟ್ಟಿಗೆಗಟ್ಟಲೆ ಹೊತ್ತರು. ಇಷ್ಟು ಅಗ್ಗವಾದದ್ದರ ಹಿಂದೆ ಏನೋ ಇರಲೇಬೇಕೆಂದು ವದಂತಿಗಳೂ ಹುಟ್ಟಿದವು. ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನಗಳಲ್ಲಿ ಬಿರಡೆ ತೆಗೆಯುವ ತಿರುಪು ನಿಷೇಧವಾಗಿ, ವಿಮಾನ ಕಂಪನಿಗಳು ತಮ್ಮ ವೈನ್ ದಾಸ್ತಾನನ್ನು ಸುರಿದುಬಿಟ್ಟವಂತೆ ಎಂಬುದು ಅವುಗಳಲ್ಲಿ ಒಂದು. ದ್ರಾಕ್ಷಿ ಹೆಚ್ಚಾಗಿ ಬೆಳೆದಿತ್ತು ಎಂಬ ನಿಜ ಯಾರಿಗೂ ರುಚಿಸಲಿಲ್ಲ. ಯಾವ ಬಾಟಲಿಗೂ ಹತ್ತು ಡಾಲರಿಗಿಂತ ಹೆಚ್ಚು ಕೊಡಬೇಕಿಲ್ಲ ಎಂದು ವಾದಿಸುತ್ತಲೇ ಫ್ರಾಂಜಿಯ 2022ರಲ್ಲಿ ತೀರಿಕೊಂಡರು.

2007ರಲ್ಲಿ ಒಂದು ಅನರ್ಥ ಸಂಭವಿಸಿತು. ಕ್ಯಾಲಿಫೋರ್ನಿಯ ರಾಜ್ಯ ಮೇಳದ ಸ್ಪರ್ಧೆಯಲ್ಲಿ ತೀರ್ಪುಗಾರರು ಲೇಬಲ್ ಕಾಣದೆ ರುಚಿ ನೋಡಿ, ಚಾರ್ಲ್ಸ್ ಶಾದ 2005ರ ಶಾರ್ಡನೆ ಎಂಬ ಬಿಳಿ ವೈನನ್ನು ರಾಜ್ಯದ ಅತ್ಯುತ್ತಮ ಶಾರ್ಡನೆಯೆಂದು ಆರಿಸಿಬಿಟ್ಟರು. ಎರಡು ಡಾಲರಿನವರು ಕುಣಿದರು, ಅರವತ್ತು ಡಾಲರಿನವರು ಕಂಗೆಟ್ಟರು. ಮರುವರ್ಷ ರಾಬರ್ಟ್ ಹಾಜ್ಸನ್ ಎಂಬ ನಿವೃತ್ತ ಪ್ರಾಧ್ಯಾಪಕರು, ಸ್ವತಃ ವೈನ್ ತಯಾರಕರು, ಇದೇ ಮೇಳದ ತೀರ್ಪುಗಾರರ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟಿಸಿದರು. ಒಂದೇ ಬಾಟಲಿಯ ವೈನನ್ನು ಗುಟ್ಟಾಗಿ ಮೂರು ಸಲ ಕೊಟ್ಟಾಗ ಸಾಮಾನ್ಯ ತೀರ್ಪುಗಾರರ ಅಂಕ ನಾಲ್ಕು ಮೇಲೆ, ನಾಲ್ಕು ಕೆಳಗೆ ಓಲಾಡಿತ್ತು. ಹತ್ತರಲ್ಲಿ ಒಬ್ಬರಷ್ಟೇ ತಮ್ಮ ಮಾತಿಗೆ ತಾವು ಬದ್ಧರಾಗಿದ್ದರು. ಈ ಶೋಧನೆ ಅಗ್ಗದ ವೈನ್‌ನ ಪದಕವನ್ನೂ ಅಲ್ಲಾಡಿಸುತ್ತದೆ, ದುಬಾರಿಯ ಪದಕವನ್ನೂ ಅಲ್ಲಾಡಿಸುತ್ತದೆ. ಎರಡೂ ಪಕ್ಷದವರು ತಮಗೆ ಬೇಕಾದ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ.

ನಾಲಗೆಯ ಸಾಕ್ಷ್ಯ ಎಷ್ಟು ಸಡಿಲವೆಂದು ತೋರಿಸುವ ಪ್ರಯೋಗಗಳು ಇನ್ನೂ ಇವೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫ್ರಾನ್ಸಿನ ಬೋರ್ಡೊದ ಸಂಶೋಧಕ ಫ್ರೆಡೆರಿಕ್ ಬ್ರೋಶೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ವೈನ್ ವಿದ್ಯಾರ್ಥಿಗಳ ಮುಂದಿಟ್ಟರು. ಅವರು ಕೆಂಪು ವೈನ್‌ಗೆ ಸಲ್ಲುವ ಪದಗಳಲ್ಲೇ ಅದನ್ನು ವರ್ಣಿಸಿದರು. 2008ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಒಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದಾಗ, 90 ಎಂದು ಕೇಳಿದ ಮಿದುಳಿನ ಸುಖದ ಕೇಂದ್ರ ನಿಜಕ್ಕೂ ಹೆಚ್ಚು ಚುರುಕಾಯಿತು. ದುಬಾರಿ ವೈನ್ ಕುಡಿಯುವವರು ಸುಳ್ಳು ಹೇಳುವುದಿಲ್ಲವೆಂದಾಯಿತು. ಅವರು ಬೆಲೆಯನ್ನೂ ಕುಡಿಯುತ್ತಾರೆ, ಅದೂ ರುಚಿಯಾಗಿಯೇ ಇರುತ್ತದೆ. ಈ ಸುಖವನ್ನು ಕಡಿಮೆ ಖರ್ಚಿನಲ್ಲಿ ಪಡೆಯಬೇಕೆಂದರೆ ಬೆಲೆಚೀಟಿ ಕಿತ್ತು ನೆಂಟರಿಗೆ ಬಡಿಸಿ, ಕೇಳಿದವರಿಗೆ ದೊಡ್ಡ ಅಂಕಿಯೊಂದನ್ನು ಹೇಳಿದರಾಯಿತು. ಅದು ಅತಿಥಿಸತ್ಕಾರದ ಒಂದು ವಿಧಾನ.

ಆಯ್ಕೆಯ ವಿಷಯದಲ್ಲಿ ಲೇಬಲ್ ಸ್ವಲ್ಪ ನೆರವಾಗುತ್ತದೆ. ಬಾಟಲಿಯ ಮೇಲೆ ಒಂದೇ ದ್ರಾಕ್ಷಿಯ ಹೆಸರಿದ್ದರೆ ಅಮೆರಿಕದ ಕಾನೂನಿನಂತೆ ಒಳಗೆ ಕನಿಷ್ಠ ಶೇಕಡ 75 ಅದೇ ಇರಬೇಕು. ‘ರಿಸರ್ವ್’ ಎಂಬುದಕ್ಕೆ ಅಲ್ಲಿ ಕಾನೂನಿನ ಅರ್ಥವೇ ಇಲ್ಲ. ಬರೆಯುವ ಶಾಯಿ ಇದ್ದವರೆಲ್ಲ ಬರೆಯಬಹುದು. ಹಿಂಬದಿಯ ಲೇಬಲ್‌ನ ನೇರಳೆ, ಚರ್ಮ, ತಂಬಾಕು, ಮಳೆ ನೆನೆದ ಕಲ್ಲು ಇತ್ಯಾದಿ ಸಾಹಿತ್ಯ ವಿಭಾಗಕ್ಕೆ ಸೇರಿದ್ದು. ತಿರುಪು ಮುಚ್ಚಳ ಕಂಡು ಮೂಗು ಮುರಿಯುವ ಅಗತ್ಯವಿಲ್ಲ. ಅಗ್ಗದ ಮಾಲು ಎಂದರೆ ಮುಗ್ಗಲು ಎಂಬ ನಂಬಿಕೆ ಹಳೆಯದು, ಆದರೆ ವೈನ್‌ನಲ್ಲಿ ಮುಗ್ಗಲು ವಾಸನೆ ತರುವ ರಾಸಾಯನಿಕ ಹೆಚ್ಚಾಗಿ ಬರುವುದು ಮರ್ಯಾದಸ್ಥ ಕಾರ್ಕ್ ಬಿರಡೆಯಿಂದ. ರಟ್ಟಿನ ಪೆಟ್ಟಿಗೆಯೊಳಗಿನ ಚೀಲದ ವೈನ್ ಆಸ್ಟ್ರೇಲಿಯದ ಥಾಮಸ್ ಆಂಗೋವ್ 1965ರಲ್ಲಿ ಪೇಟೆಂಟ್ ಪಡೆದ ಉಪಾಯ. ವೈನ್ ಇಳಿದಂತೆ ಚೀಲವೂ ಕುಗ್ಗಿ ಗಾಳಿಯನ್ನು ಹೊರಗಿಡುವುದರಿಂದ ಅದು ತೆರೆದ ಮೇಲೂ ನಾಲ್ಕಾರು ವಾರ ಕೆಡದೆ ಉಳಿಯುತ್ತದೆ. ಎಷ್ಟು ಕುಡಿದಾಯಿತು ಎಂಬುದು ಹೊರಗಿನವರಿಗೆ ಕಾಣದಿರುವುದು ಪೇಟೆಂಟಿನಲ್ಲಿ ಬರೆಯದ ಅನುಕೂಲ.

ಊಟದೊಂದಿಗೆ ಹೊಂದಿಸುವ ವಿದ್ಯೆ ಹೇಳುವಷ್ಟು ಗಹನವಲ್ಲ. ಉಪ್ಪು, ಹುಳಿ, ಖಾರ, ಜಿಡ್ಡು, ಸಿಹಿ ಈ ಐದನ್ನು ಗಮನಿಸಿದರೆ ಸಾಕು. ಕ್ಯಾಲಿಫೋರ್ನಿಯದ ಕನ್ನಡ ಮನೆಗಳಲ್ಲಿ ಮೊದಲ ತಪ್ಪು ನಡೆಯುವುದು ಖಾರದಲ್ಲಿ. ಮೆಣಸಿನಕಾಯಿಯ ಖಾರ ನಾಲಗೆಯ ಯಾವ ನರತುದಿಗಳನ್ನು ಕೆಣಕುತ್ತದೆಯೋ ಆಲ್ಕೋಹಾಲ್ ಕೂಡ ಅವನ್ನೇ ಕೆಣಕುತ್ತದೆ. ಹೀಗಾಗಿ ಬ್ಯಾಡಗಿಯ ಜೊತೆ ಗುಂಟೂರನ್ನೂ ಅರೆದು ಮಾಡಿದ ಕೋಳಿಸಾರಿಗೆ ಶೇಕಡ 15 ಆಲ್ಕೋಹಾಲಿನ ಕೆಂಪು ವೈನ್ ಕುಡಿದವರು ಬೆಂಕಿಗೆ ತುಪ್ಪ ಸುರಿದವರಾಗುತ್ತಾರೆ. ಅಲ್ಲಿಗೆ ಬೇಕಾದದ್ದು ಆಲ್ಕೋಹಾಲ್ ಕಡಿಮೆಯಿದ್ದು ತುಸು ಸಿಹಿ ಉಳಿಸಿಕೊಂಡ, ಚೆನ್ನಾಗಿ ತಣಿದ ರೀಸ್ಲಿಂಗ್ ಬಿಳಿ ವೈನ್. ವಾಷಿಂಗ್ಟನ್ ರಾಜ್ಯದ ರೀಸ್ಲಿಂಗ್‌ಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ, ಬೆಲೆಯೂ ಹೊರೆಯಲ್ಲ.

ಹುಳಿಯ ನಿಯಮ ಇನ್ನೂ ಸರಳ. ಊಟಕ್ಕಿಂತ ವೈನ್ ಹುಳಿಯಾಗಿರಬೇಕು. ಇಲ್ಲದಿದ್ದರೆ ಅದು ಸಪ್ಪೆ ನೀರಾಗುತ್ತದೆ. ಹುಣಿಸೆಹಣ್ಣಿನ ಬಿಸಿಬೇಳೆಬಾತಿನ ಎದುರು ಬೆಣ್ಣೆಯಂಥ ಶಾರ್ಡನೆ ಎರಡನೆಯ ತುತ್ತಿಗೇ ಸೋಲೊಪ್ಪುತ್ತದೆ. ಪೋರ್ಚುಗಲ್ಲಿನ ವಿನ್ಯೊ ವೆರ್ದೆ ಅಥವಾ ನ್ಯೂಜಿಲೆಂಡಿನ ಸೋವಿನ್ಯೋಂ ಬ್ಲಾಂ ಸೆಣಸಿ ನಿಲ್ಲುತ್ತವೆ. ಕರಿದ ಪದಾರ್ಥಗಳಿಗೆ ಗುಳ್ಳೆ ವೈನ್ ಲೇಸು. ಹುಳಿ ಮತ್ತು ಗುಳ್ಳೆ ಸೇರಿ ನಾಲಗೆಯ ಎಣ್ಣೆಪಸೆ ತೊಳೆದರೆ, ಉಪ್ಪು ವೈನ್‌ನ ಕಹಿಯನ್ನು ತಗ್ಗಿಸುತ್ತದೆ. ಸ್ಪೇನಿನ ಅಗ್ಗದ ಕಾವಾ ಮತ್ತು ಚಕ್ಕುಲಿ, ಕೋಡುಬಳೆಗಳ ಸ್ನೇಹ ಎಷ್ಟು ಗಾಢವೆಂದರೆ ಊಟಕ್ಕೆ ಮೊದಲೇ ಎರಡೂ ಮುಗಿದು ಅಡುಗೆ ಮಾಡಿದವರಿಗೆ ಸಿಟ್ಟು ಬರುತ್ತದೆ.

ಕೆಂಪು ವೈನ್‌ನ ಒಗರು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ; ಮಾಂಸದ ಪ್ರೋಟೀನು, ಕೊಬ್ಬು ಸಿಕ್ಕರೆ ಮೃದುವಾಗುತ್ತದೆ. ಆದ್ದರಿಂದ ಕೊಡಗಿನ ಹಂದಿಕರಿಗೆ ಹಣ್ಣಿನ ಸ್ವಾದ ಧಾರಾಳವಾಗಿರುವ ಝಿನ್‌ಫಂಡೆಲ್ ಒಗ್ಗುತ್ತದೆ, ಕಾಚಂಪುಳಿಯ ಹುಳಿ ತೀರಾ ಮುಂದಾಗದಿದ್ದರೆ. ಬಂಗುಡೆ ಸಾರಿಗೆ ಕೆಂಪು ವೈನ್ ಸಲ್ಲದೆಂಬುದು ಬರೀ ಶಾಸ್ತ್ರವಲ್ಲ. ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ನಾರುವಾಸನೆಯನ್ನು ಎಬ್ಬಿಸುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಬಿಳಿ ಅಥವಾ ತಿಳಿಗೆಂಪು ರೋಸೆ ಕುಡಿದರೆ ಈ ತಂಟೆ ಸಾಮಾನ್ಯವಾಗಿ ಕಡಿಮೆ. ಸಿಹಿತಿಂಡಿಗೆ ಅದಕ್ಕಿಂತ ಸಿಹಿಯಾದ ವೈನ್ ಬೇಕು: ಹೋಳಿಗೆಗೆ ಮಸ್ಕಾಟೊ ಆದೀತು, ಮೈಸೂರುಪಾಕಿಗೆ ಸಾಟಿಯಾಗುವ ವೈನ್ ದಿನಸಿ ಅಂಗಡಿಯಲ್ಲಿಲ್ಲ. ಮಾವಿನಮಿಡಿ ಉಪ್ಪಿನಕಾಯಿ ಯಾವ ಬಾಟಲಿಯನ್ನೂ ಬದುಕಗೊಡುವುದಿಲ್ಲ. ಮೊಸರನ್ನ ಎಲೆಗೆ ಬೀಳುವ ಮೊದಲು ಲೋಟ ಖಾಲಿಯಾಗಿರಬೇಕು. ಈ ನಿಯಮಕ್ಕೆ ರಾಸಾಯನಿಕ ಕಾರಣ ಕೇಳುವವರು ಒಮ್ಮೆ ಮೀರಿ ನೋಡಬಹುದು.

ಊಟದ ಆಯ್ಕೆ ತಪ್ಪಿದರೂ ತಣಿಸುವುದು ಕೈಹಿಡಿಯುತ್ತದೆ. ತಂಪು ಸಿಹಿಯನ್ನು ಅಡಗಿಸುತ್ತದೆ, ದೋಷದ ವಾಸನೆಗಳನ್ನು ಮುಚ್ಚುತ್ತದೆ. ಅಗ್ಗದ ಬಿಳಿ ವೈನನ್ನು ಫ್ರಿಜ್‌ನಿಂದ ನೇರ ಲೋಟಕ್ಕೆ ಸುರಿಯಬಹುದು; ಕೆಂಪಿಗೂ ಅರ್ಧ ಗಂಟೆ ಒಳಗಿಟ್ಟರೆ ಒಳ್ಳೆಯದು. ತೆರೆದ ಬಾಟಲಿ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಮರ್ಯಾದೆ ಉಳಿಸಿಕೊಳ್ಳುತ್ತದೆ, ಆಮೇಲೆ ಅದು ಅಡುಗೆಗೆ.

ಕರ್ನಾಟಕದಲ್ಲಿ ಈ ವಿದ್ಯೆಗೆ ಸಾಮಗ್ರಿ ಇಲ್ಲವೆಂದಲ್ಲ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬೆಂಗಳೂರು ಬ್ಲೂ ದ್ರಾಕ್ಷಿ ಬಹುಕಾಲದಿಂದ ಸಿಹಿ ಪೋರ್ಟ್ ವೈನ್‌ಗೆ ಹೋಗುತ್ತಿದೆ. ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ತೋಟ 1988ರಲ್ಲಿ ಶುರುವಾಯಿತು; 2007ರಲ್ಲಿ ರಾಜ್ಯ ವೈನ್ ನೀತಿಯನ್ನೇ ತಂದಿತು. ಕೊರತೆ ಇರುವುದು ಸೊಪ್ಪಿನ ಕಟ್ಟಿನ ಪಕ್ಕದಲ್ಲಿ ಬಾಟಲಿ ನಿಲ್ಲಿಸುವ ಧೈರ್ಯದ್ದು. ನೆರೆಯ ಮಹಾರಾಷ್ಟ್ರದ ಸಂಪುಟ 2022ರ ಜನವರಿಯಲ್ಲಿ ಸೂಪರ್‌ಮಾರ್ಕೆಟ್ ಮಾರಾಟಕ್ಕೆ ಒಪ್ಪಿಗೆ ಕೊಟ್ಟಾಗ ಎದ್ದ ಗದ್ದಲ ನೋಡಿದರೆ ಆ ಧೈರ್ಯ ಸುಲಭವಲ್ಲ.

ಅಗ್ಗದ ವೈನ್‌ಗೆ ಆಗದ ಕೆಲಸ ಒಂದೇ: ಕಾಯುವುದು. ಮಗಳು ಹುಟ್ಟಿದ ವರ್ಷದ ಬಾಟಲಿಯನ್ನು ಮದುವೆಯಲ್ಲಿ ತೆರೆಯುವ ಯುರೋಪಿನ ಸಂಪ್ರದಾಯಕ್ಕೆ ಇದು ಹೇಳಿದ್ದಲ್ಲ; ಇದರ ಹಣ್ಣಿನ ಸ್ವಾದ ಒಂದೆರಡು ವರ್ಷದಲ್ಲೇ ಮಾಸುತ್ತದೆ. ಕೊಂಡ ವರ್ಷ ಕುಡಿದು, ಖಾಲಿ ಬಾಟಲಿಯನ್ನು ಕನ್ನಡ ಮನೆಗಳ ರೂಢಿಯಂತೆ ತೊಳೆದು ನೀರು ತುಂಬಿ ಮನಿಪ್ಲಾಂಟ್ ಇಡುವುದು ಸರಿಯಾದ ಕ್ರಮ. ಬಾಟಲಿ ಎರಡು ಡಾಲರಿನದೋ ಇನ್ನೂರರದೋ ಎಂಬ ಗೊಡವೆ ಗಿಡಕ್ಕಿಲ್ಲ. ಅದು ಎರಡರಲ್ಲೂ ಒಂದೇ ಸಮ ಚಿಗುರುತ್ತದೆ.